ಕಡಲಲ್ಲಿ ಹುಡುಕುವ ವಿದ್ಯೆ

ಕರಾವಳಿ ಕಾವಲು ಪಡೆ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಬಿಳಿ ಹಡಗುಗಳು. ನನ್ನ ಗೌರವ ಹೆಚ್ಚು ಸಲ್ಲುವುದು ಅವುಗಳ ಹಿಂದಿರುವ ಲೆಕ್ಕಾಚಾರಕ್ಕೆ.

ಮಲ್ಪೆಯಿಂದ ಹೊರಟ ಬೋಟೊಂದು ಮಗುಚಿತು ಎನ್ನಿ. ಸುದ್ದಿ ಮುಟ್ಟಿ ನೆರವು ಹೊರಡುವಷ್ಟರಲ್ಲಿ ಆ ಜಾಗ ಖಾಲಿ. ಕಡಲು ಯಾರನ್ನೂ ಬಿದ್ದಲ್ಲೇ ಇರಗೊಡುವುದಿಲ್ಲ. ಲೈಫ್ ಜಾಕೆಟ್ ತೊಟ್ಟು ಕುತ್ತಿಗೆಮಟ್ಟ ಮುಳುಗಿದವನನ್ನು ಒಯ್ಯುವುದು ಹೆಚ್ಚಾಗಿ ನೀರಿನ ಸೆಳೆತ. ನೀರ ಮೇಲೆ ಎದ್ದು ನಿಂತ ತೆಪ್ಪವನ್ನು ಗಾಳಿಯೂ ತಳ್ಳುತ್ತದೆ. ಹಾಗಾಗಿ ಒಂದೇ ಅವಘಡದಲ್ಲಿ ಹುಡುಕಬೇಕಾದ ದಿಕ್ಕುಗಳೇ ಬೇರೆ ಬೇರೆಯಾಗುತ್ತವೆ. ಕೊನೆಗೆ ಕಂಡ ಜಾಗ, ಹೊತ್ತು, ಗಾಳಿ, ಸೆಳೆತ ಇವನ್ನು ಹಿಡಿದು, ಈಗ ಎಲ್ಲಿರಬಹುದು ಎಂದು ನಕ್ಷೆಯ ಮೇಲೆ ಗುರುತು ಹಾಕುತ್ತಾರೆ. ತಡವಾದಷ್ಟೂ ಆ ಗುರುತು ಹಿಗ್ಗುತ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ‘ಸರಾಟ್’ ವ್ಯವಸ್ಥೆ ಈ ಲೆಕ್ಕಕ್ಕೆ ನೆರವಾಗುತ್ತದೆ. ಭಾರತ ಹೊಣೆ ಹೊತ್ತಿರುವ ಶೋಧ-ರಕ್ಷಣಾ ವಲಯ ಸುಮಾರು 46 ಲಕ್ಷ ಚದರ ಕಿಲೋಮೀಟರ್. ದೇಶದ ನೆಲವೂ ಅಷ್ಟಿಲ್ಲ!

1978ರ ಕಾಯ್ದೆ ಈ ಪಡೆಗೆ ಕಳ್ಳಸಾಗಣೆ ತಡೆ, ಮಾಲಿನ್ಯ ನಿಯಂತ್ರಣವನ್ನೂ ವಹಿಸಿದೆ. ಆದರೆ ನನಗೆ ದೊಡ್ಡದು ಜೀವ ಉಳಿಸುವ ಕೆಲಸವೇ. 2025ರ ಮೇ ತಿಂಗಳಲ್ಲಿ ಕೊಚ್ಚಿಯ ಹೊರಗೆ ‘ಎಂಎಸ್‌ಸಿ ಎಲ್ಸಾ 3’ ಹಡಗು ಮುಳುಗಿದಾಗ 24 ಸಿಬ್ಬಂದಿಯೂ ಬದುಕಿದರು. 21 ಮಂದಿಯನ್ನು ಈ ಪಡೆ, ಮೂವರನ್ನು ನೌಕಾಪಡೆ ಕಾಪಾಡಿತು.

ಕಡಲಿಗಿಳಿಯುವ ಅಣ್ಣಂದಿರೇ, ಕಾವಲು ಪಡೆಯ ಸಹಾಯವಾಣಿ 1554 ನೆನಪಿರಲಿ. ಕರೆ ಮಾಡಿದಾಗ ಜಾಗ, ಹೊತ್ತು ಎರಡನ್ನೂ ಸರಿಯಾಗಿ ಹೇಳಿ. ಅವರ ಲೆಕ್ಕ ಶುರುವಾಗುವುದು ಅಲ್ಲಿಂದಲೇ.