ಕೇರಿಗೆ ಬಂದ ಕ್ಯಾಮೆರಾ

ದಲಿತರು ತೆರೆಯ ಮೇಲೆ ಕಾಣುವುದಿಲ್ಲ ಎಂಬ ದೂರು ಈಗ ಹಳತಾಯಿತು. ಕಾಣುತ್ತಿದ್ದಾರೆ. ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಕೂಲಿಗೆ ಹೋಗುವ ಹುಡುಗನ ಮೊಬೈಲಿನೊಳಗೂ, ಮೊಳಕಾಲ್ಮೂರಿನಲ್ಲಿ ರೇಷ್ಮೆ ಮಗ್ಗದ ಮುಂದೆ ಕೂತವರ ಮೊಬೈಲಿನೊಳಗೂ ಓಟಿಟಿಯ ಕಥೆಗಳು ಬಂದು ಕೂತಿವೆ. ಅವುಗಳಲ್ಲಿ ನಮ್ಮೋರೂ ಇದ್ದಾರೆ. ಹೆಣವಾಗಿ ಇದ್ದಾರೆ, ಕೊಲೆಗಾರರಾಗಿ ಇದ್ದಾರೆ, ಈಚೀಚೆಗೆ ಪೊಲೀಸ್ ಅಧಿಕಾರಿಯಾಗಿ, ಪ್ರೊಫೆಸರ್ ಆಗಿಯೂ ಇದ್ದಾರೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೇರೆ. ಇವರು ನಮ್ಮ ಕಥೆಯನ್ನು ನಮಗೆ ಹೇಳುತ್ತಿದ್ದಾರೋ, ಇಲ್ಲಾ ನಮ್ಮನ್ನು ತೋರಿಸಿ ಇನ್ಯಾರಿಗೋ ಹೇಳುತ್ತಿದ್ದಾರೋ?

ಕನ್ನಡಕ್ಕೆ ಈ ಪ್ರಶ್ನೆ ಹೊಸದಲ್ಲ. ಶಿವರಾಮ ಕಾರಂತರ 'ಚೋಮನ ದುಡಿ' 1933ರಲ್ಲಿ ಬಂತು, 1975ರಲ್ಲಿ ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದರು. ಚೋಮನಿಗೆ ಬೇಕಿದ್ದದ್ದು ಉಳಲಿಕ್ಕೆ ಒಂದು ತುಂಡು ನೆಲ. ಸಿಕ್ಕಿದ್ದು ಓದುಗರ, ನೋಡುಗರ ಕಣ್ಣೀರು. ಆ ಕೃತಿಯ ಪ್ರಾಮಾಣಿಕತೆಯನ್ನು ನಾನು ಅನುಮಾನಿಸುತ್ತಿಲ್ಲ. ಆದರೆ ಕರುಣೆ ಮೇಲಿನಿಂದ ಕೆಳಕ್ಕೆ ಹರಿಯುವ ನೀರು. ಅದರಿಂದ ದಿಬ್ಬ ತಗ್ಗುವುದಿಲ್ಲ, ತಗ್ಗು ಏರುವುದಿಲ್ಲ. ಎಪ್ಪತ್ತರ ದಶಕದಲ್ಲಿ ನಮ್ಮ ಸಾಹಿತ್ಯ ಸಿಟ್ಟಿನಿಂದ ಎದ್ದು ನಿಂತದ್ದು ಈ ಕರುಣೆಯ ಎದುರಿಗೂ ಹೌದು.

2020ರಲ್ಲಿ ಬಂದ 'ಪಾತಾಳ್ ಲೋಕ್' ಕರುಣೆಯನ್ನು ಬಿಟ್ಟು ಕ್ರೌರ್ಯವನ್ನು ಹಿಡಿಯಿತು. ಪಂಜಾಬಿನ ದಲಿತ ಹುಡುಗ ತೋಪೆ ಸಿಂಗ್ ಮೇಲ್ಜಾತಿ ಹುಡುಗರ ಅವಮಾನ ತಾಳಲಾರದೆ ಅವರ ಮೇಲೆ ಬೀಳುತ್ತಾನೆ, ಊರು ಬಿಟ್ಟು ಓಡುತ್ತಾನೆ. ಸೇಡು ಅವನ ತಾಯಿಯ ಮೈಮೇಲೆ ತೀರುತ್ತದೆ. ಜಾತಿಯ ಹಿಂಸೆಯನ್ನು ಮುಚ್ಚಿಡದೆ ತೋರಿಸಿದ್ದಕ್ಕೆ ಸಿಕ್ಕ ಮೆಚ್ಚುಗೆ ನ್ಯಾಯವಾದದ್ದೇ. ಆದರೆ ಆ ತಾಯಿ? ಮಗ ಯಾಕೆ ಕೊಲ್ಲುವವನಾದ ಎಂದು ವಿವರಿಸಲಿಕ್ಕೆ ಅವಳು ಕಥೆಗೆ ಬೇಕಾದಳು. ಆ ಕೆಲಸ ಮುಗಿದ ಮೇಲೆ ಅವಳ ಕಥೆಯೂ ಮುಗಿಯಿತು. ಕೇರಿಯ ಹೆಂಗಸು ಹೀಗೆ ಬಾಯಿಲ್ಲದವಳಲ್ಲ. ನಮ್ಮ ಅವ್ವಂದಿರು ಬಾಯಿ ತೆಗೆದರೆ ಗೌರಸಮುದ್ರದ ಮಾರಮ್ಮನೂ ನಿಂತು ಕೇಳಬೇಕು.

2023ರ 'ದಹಾಡ್' ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. ರಾಜಸ್ಥಾನದ ಸಬ್ ಇನ್ಸ್‌ಪೆಕ್ಟರ್ ಅಂಜಲಿ ಭಾಟಿ ಹತ್ತಿರ ಹಾದುಹೋದರೆ ಠಾಣೆಯ ಸಿಬ್ಬಂದಿಯೊಬ್ಬ ಊದುಬತ್ತಿ ಹಚ್ಚುತ್ತಾನೆ. ಯೂನಿಫಾರಂ ತೊಟ್ಟರೂ ಜಾತಿ ಬಿಡೋದಿಲ್ಲ ಎಂಬುದಕ್ಕೆ ಆ ಒಂದು ಊದುಬತ್ತಿ ಸಾಕು. ಕೊನೆಗೆ ಅವಳು ಭಾಟಿ ಎಂಬ ಹೆಸರನ್ನು ಬಿಟ್ಟು ಮೇಘ್ವಾಲ್ ಎಂಬ ಹಳೆಯ ಹೆಸರಿಗೆ ಮರಳುತ್ತಾಳೆ. ಇದು ನನಗೆ ಇಷ್ಟವಾಯಿತು. ಆದರೆ ಬಡ ಹೆಣ್ಣುಮಕ್ಕಳನ್ನು ಮದುವೆಯ ಆಸೆ ತೋರಿಸಿ ಕರೆದೊಯ್ದು ಸೈನೈಡ್ ಕೊಟ್ಟು ಕೊಲ್ಲುವ ಆ ಕಥೆಯ ಬೇರು ನಮ್ಮ ದಕ್ಷಿಣ ಕನ್ನಡದ್ದು. 2009ರಲ್ಲಿ ಸಿಕ್ಕಿಬಿದ್ದ 'ಸೈನೈಡ್ ಮೋಹನ್' ಪ್ರಕರಣವನ್ನು ಅದು ನೆನಪಿಸುತ್ತದೆ ಎಂದು ಆಗಲೇ ಹಲವರು ಗುರುತಿಸಿದರು. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾದರೂ 'ಯಾರ ಜೊತೆಗೋ ಓಡಿಹೋಗಿರಬೇಕು' ಅಂತ ಸುಮ್ಮನಿದ್ದದ್ದು ನಮ್ಮ ಸಮಾಜ. ಅದನ್ನು ಜಾತಿಯ ಕಣ್ಣಿನಿಂದ ಓದಿದ್ದು ಹಿಂದಿ ಸರಣಿ.

ಕನ್ನಡದ ಸರಣಿಗಳಾದರೂ ಎಷ್ಟಿವೆ? 'ಏಕಂ' ಸರಣಿಗೆ ಯಾವ ದೊಡ್ಡ ವೇದಿಕೆಯೂ ಸಿಗದೆ 2024ರಲ್ಲಿ ಸ್ವಂತ ತಾಣದಲ್ಲೇ ಬಿಡುಗಡೆಯಾಗಬೇಕಾಯಿತು. ಅದರಲ್ಲಿ ಕರಾವಳಿ ಇದೆ. 2025ರ 'ಅಯ್ಯನ ಮನೆ'ಯಲ್ಲಿ ಮಲೆನಾಡಿನ ಮನೆಯೊಂದರ ಶಾಪವಿದೆ. ಮಳೆ, ಮಂಜು, ತೊಟ್ಟಿಮನೆ ಇದ್ದರೆ ಕಥೆ ಎಂದು ನಮ್ಮವರು ತೀರ್ಮಾನಿಸಿದಂತಿದೆ. ಶೇಂಗಾ ಒಣಗಿದ ಹೊಲ, ಜಾಲಿ, ಬಂಡೆ, ಊರಾಚೆಯ ಕಾಲೋನಿ ಇವುಗಳ ಮುಂದೆ ಕ್ಯಾಮೆರಾಕ್ಕೆ ಯಾಕೋ ಬಾಯಾರಿಕೆ.

2021ರ ತಮಿಳಿನ 'ಜೈ ಭೀಮ್' ಸರಣಿಯಲ್ಲ, ಸಿನಿಮಾ. ಆದರೆ ಓಟಿಟಿಯಲ್ಲೇ ಬಿಡುಗಡೆಯಾಗಿ ಕನ್ನಡದ ಮಾತಿನಲ್ಲೂ ನಮ್ಮ ಕೇರಿಗಳಿಗೆ ಬಂತು. ಜೈಲಿನಿಂದ ಬಿಡುಗಡೆಯಾದವರನ್ನು ಜಾತಿ ಕೇಳಿ ಬೇರ್ಪಡಿಸಿ, ಕೆಳಜಾತಿಯವರನ್ನು ಮತ್ತೆ ಸುಳ್ಳು ಕೇಸಿಗೆ ಒಯ್ಯುವ ಅದರ ಆರಂಭದ ದೃಶ್ಯವನ್ನು ವಿವರಿಸಿ ಹೇಳಬೇಕಾದ ಅಗತ್ಯ ಕೊರಚ, ಕೊರಮರಿಗಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ 1952ರಲ್ಲಿ ಹೋಯಿತು. ಠಾಣೆಯ ತಲೆಯೊಳಗಿನದು ಹೋಗಿಲ್ಲ. ಇಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. 1993ರ ನಿಜ ಪ್ರಕರಣದಲ್ಲಿ ಲಾಕಪ್ಪಿನಲ್ಲಿ ಸತ್ತ ರಾಜಾಕಣ್ಣು ಕುರವ ಸಮುದಾಯದವನು. ಸಿನಿಮಾ ಅವನನ್ನು ಇರುಳ ಮಾಡಿತು. ಇರುಳರ ನೋವೂ ನೋವೇ. ಆದರೆ ನೋಡುಗರಿಗೆ ಒಂದು ಬಡ ಸಮುದಾಯ ಇನ್ನೊಂದರ ಜಾಗದಲ್ಲಿ ನಡೆದುಬಿಡುತ್ತದೆ ಎಂದರೆ, ಅವರು ನೋಡುತ್ತಿರುವುದು ಸಮುದಾಯವನ್ನಲ್ಲ, ಬರೀ ಸಂಕಟವನ್ನು. ಆ ಸಂಕಟವನ್ನು ನಿವಾರಿಸಲು ಕಪ್ಪು ಕೋಟಿನ ನಾಯಕನೊಬ್ಬ ಬಂದೇ ಬರುತ್ತಾನೆ.

ನಗರದ ದಲಿತರ ಕಥೆ ಬೇರೆ ದಾರಿ ಹಿಡಿದಿದೆ. 2023ರ 'ಮೇಡ್ ಇನ್ ಹೆವನ್' ಎರಡನೇ ಭಾಗದಲ್ಲಿ ನೀರಜ್ ಘಾಯ್ವಾನ್ ನಿರ್ದೇಶಿಸಿದ ಕಂತೊಂದಿದೆ. ಪಲ್ಲವಿ ಮೆಂಕೆ ಎಂಬ ಪ್ರಾಧ್ಯಾಪಕಿ ತನಗೆ ಬೌದ್ಧ ವಿಧಿಯ ಮದುವೆಯೂ ಬೇಕೆಂದು ಹಟ ಹಿಡಿಯುತ್ತಾಳೆ. ಜಾತಿಯನ್ನು ಮುಚ್ಚಿಟ್ಟು ಬದುಕಿ, ಆಮೇಲೆ ಹೇಳಿಕೊಳ್ಳುವ ಆ ಅನುಭವ ತನ್ನ ಬದುಕು ಬರಹದಿಂದ ಬಂದದ್ದೆಂದು ಲೇಖಕಿ ಯಶಿಕಾ ದತ್ ಹೇಳಿದರು, ತಯಾರಕರು ಒಪ್ಪಲಿಲ್ಲ. ಕಂತು ಚೆಂದ ಇದೆ, ಆ ಬಿಳಿ ಸೀರೆಯ ಮದುವೆ ಘನತೆಯಿಂದ ಕೂಡಿದೆ. ಅಶೋಕನ ಶಾಸನಗಳಿರುವ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಸೀಮೆಯ ನಮಗೆ ಬುದ್ಧನ ಹೆಸರು ದೂರದ್ದೂ ಅಲ್ಲ. ಆದರೆ ಜಾತಿಯನ್ನು ಮುಚ್ಚಿಡುವ ಅನುಕೂಲ ಇಲ್ಲಿ ಯಾರಿಗಿದೆ ಸ್ವಾಮಿ? 'ಎ.ಕೆ. ಕಾಲೋನಿ' ಅಂತ ವಿಳಾಸ ಬರೆದ ಕೂಡಲೇ ಎಲ್ಲಾ ಹೇಳಿದಂಗೆ ಆಯ್ತು. ನಮ್ಮ ತೊಂದರೆ ಜಾತಿಯನ್ನು ಹೇಳಿಕೊಳ್ಳುವುದಲ್ಲ, ಹೇಳಿಯಾದ ಮೇಲೆ ಬಾಡಿಗೆ ಮನೆ ಸಿಗುವುದು.

ಇವೆಲ್ಲಕ್ಕಿಂತ ನಮ್ಮ ಹಳ್ಳಿಗಳನ್ನು ಅಲುಗಾಡಿಸಿದ್ದು ವಿಮರ್ಶಕರು ಲೆಕ್ಕಕ್ಕೇ ಇಡದ ಒಂದು ಧಾರಾವಾಹಿ. 2020ರ ಜುಲೈಯಲ್ಲಿ ಜೀ ಕನ್ನಡದಲ್ಲಿ ಹಿಂದಿಯಿಂದ ಡಬ್ ಆಗಿ ಬಂದ 'ಮಹಾನಾಯಕ'. ಕಲೆಯಾಗಿ ಅದು ಬಡವಾದದ್ದು. ಬಾಲ ಭೀಮರಾವ್ ಮಗುವಿನಂತಲ್ಲ, ಪ್ರವಾದಿಯಂತೆ ಮಾತಾಡುತ್ತಾನೆ. ಹಿನ್ನೆಲೆ ಸಂಗೀತ ಪುರಾಣ ಧಾರಾವಾಹಿಯದ್ದು. ದೇವರನ್ನೊಪ್ಪದ ಮನುಷ್ಯನನ್ನು ದೇವರು ಮಾಡುವ ಅಪಾಯ ಅಲ್ಲಿದೆ. ಆದರೆ ಏನಾಯಿತು? ರಾಜ್ಯದ ಊರೂರಲ್ಲಿ ಹುಡುಗರು ಚಂದಾ ಎತ್ತಿ ಫ್ಲೆಕ್ಸ್ ಕಟ್ಟಿದರು. ಪ್ರಸಾರ ನಿಲ್ಲಿಸಿ ಎಂದು ವಾಹಿನಿಗೆ ಬೆದರಿಕೆ ಬಂದಾಗ ಫ್ಲೆಕ್ಸುಗಳು ಇನ್ನೂ ಹೆಚ್ಚಿದವು. ಡಬ್ಬಿಂಗ್ ಬಂದರೆ ಕನ್ನಡ ಸಂಸ್ಕೃತಿ ಹಾಳಾಗುತ್ತದೆ ಎಂದು ದಶಕಗಳ ಕಾಲ ಬಾಗಿಲು ಹಾಕಿ ಕಾಯ್ದವರಿದ್ದರು. ಆ ಬಾಗಿಲು ತೆರೆದಾಗ ಒಳಗೆ ಬಂದವರಲ್ಲಿ ಅಂಬೇಡ್ಕರ್ ಕೂಡ ಒಬ್ಬರು. ಅಷ್ಟು ವರ್ಷ ಕಾಯ್ದ ಆ ಸಂಸ್ಕೃತಿಯೊಳಗೆ ನಾವು ಎಷ್ಟಿದ್ದೆವು ಎಂದು ಈಗಲಾದರೂ ಕೇಳಬೇಡವೇ? ಊರಬಾಗಿಲಿನಲ್ಲಿ ಫ್ಲೆಕ್ಸ್ ಕಟ್ಟಿದ ಹುಡುಗರು ಧಾರಾವಾಹಿಯನ್ನು ನೋಡಿ ಸುಮ್ಮನಾಗಲಿಲ್ಲ, ಅದನ್ನು ಊರಿನೊಳಗಿನ ಒಂದು ಮಾತಾಗಿ ಬಳಸಿದರು. ಕೃತಿ ದುರ್ಬಲವಾಗಿದ್ದರೂ ಅದರ ಬಳಕೆ ಬಲವಾಗಿರಬಹುದು. ದಲಿತ ವಿಮರ್ಶೆ ಎರಡನ್ನೂ ತೂಗಬೇಕು.

ಈ ಸರಣಿಗಳು ತಪ್ಪಿಸಿಕೊಳ್ಳುವ ಒಂದು ಸತ್ಯವಿದೆ. ಅವುಗಳ ಖಳ ಬಹುಪಾಲು ಮೀಸೆಯ ಠಾಕೂರ, ದೊಡ್ಡ ಜಮೀನ್ದಾರ. 2019ರ ಸೆಪ್ಟೆಂಬರಿನಲ್ಲಿ ಚಿತ್ರದುರ್ಗದ ಆಗಿನ ಸಂಸದ ಎ. ನಾರಾಯಣಸ್ವಾಮಿಯವರನ್ನು, ಅವರು ಮಾದಿಗರೆಂಬ ಕಾರಣಕ್ಕೆ, ಪಾವಗಡ ತಾಲ್ಲೂಕಿನ ಪೆಮ್ಮನಹಳ್ಳಿ ಗೊಲ್ಲರಹಟ್ಟಿಯ ಒಳಕ್ಕೆ ಬಿಡಲಿಲ್ಲ. ಗಡಿಯಲ್ಲಿ ಕುರ್ಚಿ ಹಾಕಿ ಕೂರಿಸಿದರು. ತಡೆದವರು ಜಮೀನ್ದಾರರಲ್ಲ, ತಾವೂ ಬಡವರಾದ, ಹಿಂದುಳಿದ ಗೊಲ್ಲರು. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದದ್ದು ಇದನ್ನೇ. ಎಂಟು ಕಂತಿನಲ್ಲಿ ಒಬ್ಬ ಖಳನನ್ನು ಹಿಡಿದು ಜೈಲಿಗೆ ಕಳಿಸಬಹುದು. ಮೆಟ್ಟಿಲು ಮೆಟ್ಟಿಲಾಗಿ ಹಂಚಿಹೋದ ತಪ್ಪನ್ನು ಯಾವ ಇನ್ಸ್‌ಪೆಕ್ಟರ್ ಹಿಡೀತಾನೆ? ನಮ್ಮ ಎಡ ಬಲಗಳ ನಡುವಿನ ದೂರದ ಬಗ್ಗೆಯೂ ಈ ಸರಣಿಗಳಲ್ಲಿ ಒಂದು ಮಾತಿಲ್ಲ.

ಸಾಕ್ಷ್ಯಚಿತ್ರಗಳಿಂದ ಹೆಚ್ಚು ಬಯಸಿದ್ದೆ. 2021ರ 'ರೈಟಿಂಗ್ ವಿತ್ ಫೈರ್' ಉತ್ತರ ಪ್ರದೇಶದ 'ಖಬರ್ ಲಹರಿಯಾ' ಪತ್ರಿಕೆಯ ದಲಿತ ಹೆಣ್ಣುಮಕ್ಕಳನ್ನು ಕುರಿತದ್ದು. ಅವರು ಕಾಗದ ಬಿಟ್ಟು ಮೊಬೈಲ್ ಹಿಡಿದು ಗಣಿಗೂ, ಠಾಣೆಗೂ ನುಗ್ಗುವುದನ್ನು ನೋಡಿದರೆ ಮೈ ಬಿಸಿಯಾಗುತ್ತದೆ. ಅದು ಆಸ್ಕರ್ ಸ್ಪರ್ಧೆಯವರೆಗೆ ಹೋಯಿತು. ಆಗ, 2022ರಲ್ಲಿ, ಅದೇ ಪತ್ರಿಕೆಯವರು ಹೇಳಿಕೆ ಕೊಟ್ಟರು: ಚಿತ್ರ ತಮ್ಮನ್ನು ಒಂದೇ ಪಕ್ಷದ ಮೇಲೆ ಕಣ್ಣಿಟ್ಟವರಂತೆ ತೋರಿಸಿದೆ, ತಮ್ಮ ಕೆಲಸ ಅಷ್ಟೇ ಅಲ್ಲ. ಇಡೀ ಲೋಕ ಹೊಗಳುತ್ತಿರುವಾಗ, ಹೊಗಳಿಸಿಕೊಂಡವರೇ 'ಇದು ನಾವಲ್ಲ' ಎಂದದ್ದು ನನಗೆ ಚಿತ್ರದಷ್ಟೇ ದೊಡ್ಡದು.

ನಮ್ಮ ಹುಡುಗ ಹುಡುಗಿಯರು ಕಲಿಯಬೇಕಾದ್ದು ಈ ಮಾತು. ಇಂದು ಚಳ್ಳಕೆರೆಯ ಹುಡುಗ ತನ್ನ ಬಗ್ಗೆ ತಿಳಿಯುತ್ತಿರುವುದು ಅವ್ವನ ಬಾಯಿಂದಷ್ಟೇ ಅಲ್ಲ, ಮುಂಬಯಿಯಲ್ಲಿ ಬರೆದ ಸಂಭಾಷಣೆಯಿಂದ ಕೂಡ. ಅದು ಅವನಿಗೆ ನೀನು ಒಂದು ಕೇಸು, ಇಲ್ಲಾ ಒಂದು ಸೇಡು ಎಂದು ಹೇಳಿಕೊಡುತ್ತಿದ್ದರೆ ನಾವು ಅಡ್ಡ ಮಾತಾಡಲೇಬೇಕು. ನೋಡೋಣ, ಕೂಡಿ ನೋಡೋಣ. ಹಾಸ್ಟೆಲ್ಲಿನಲ್ಲಿ, ಸಂಘದ ಕೋಣೆಯಲ್ಲಿ ನೋಡಿ, ಆಮೇಲೆ ಅರ್ಧ ರಾತ್ರಿಯವರೆಗೆ ಜಗಳ ಆಡೋಣ. ಆ ಜಗಳಕ್ಕೆ ಅವ್ವಂದಿರನ್ನೂ ಕರೆಯೋಣ. ಮೊಬೈಲು ಹೆಂಗೂ ಕೈಯಲ್ಲೇ ಐತೆ. ಆ ಜಗಳವನ್ನೇ ಮೊದಲು ಚಿತ್ರ ಮಾಡೋಣ.