ಹುಳದ ಹೆಸರಿನೊಳಗಿನ ಸೊಪ್ಪು

ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ರೇಷ್ಮೆಗೂಡು ಬಿಳಿಯದಿರಲಿ, ಹಳದಿಯದಿರಲಿ, ಅದನ್ನು ಕಟ್ಟಿದ ಹುಳಕ್ಕೆ ವಿಜ್ಞಾನ ಕೊಟ್ಟ ಹೆಸರು ಒಂದೇ: ಬಾಂಬಿಕ್ಸ್ ಮೋರಿ. ಬಾಂಬಿಕ್ಸ್ ಎಂಬುದು ಗ್ರೀಕರ ಹಳೆಯ ಮಾತು, ರೇಷ್ಮೆಹುಳವೆಂದೇ ಅರ್ಥ. ಸ್ವಾರಸ್ಯವಿರುವುದು ಎರಡನೆಯ ಪದದಲ್ಲಿ. 1758ರಲ್ಲಿ ನಿಸರ್ಗವಿಜ್ಞಾನಿ ಲಿನೇಯಸ್ ಅದನ್ನು ಈ ಹುಳಕ್ಕೆ ಇಟ್ಟಾಗ ನೂಲಿನ ಹೊಳಪನ್ನಾಗಲಿ, ಹುಳದ ಬಣ್ಣವನ್ನಾಗಲಿ ಹಿಡಿಯಲಿಲ್ಲ. ಹುಳ ಮೇಯುವ ಸೊಪ್ಪನ್ನು ಹಿಡಿದ. ಲ್ಯಾಟಿನ್ನಿನಲ್ಲಿ ಮೋರಸ್ ಎಂದರೆ ಹಿಪ್ಪುನೇರಳೆ, ಅದರ ಷಷ್ಠಿ ವಿಭಕ್ತಿ ಮೋರಿ. ‘ಹಿಪ್ಪುನೇರಳೆಯ’ ಹುಳ, ಅಷ್ಟೇ.

ಲ್ಯಾಟಿನ್ನಿನಲ್ಲಿ ‘ಮೋರಿ’ ಎಂದರೆ ಸಾಯುವುದು ಎಂಬ ಅರ್ಥವೂ ಉಂಟಲ್ಲ, ಬಿಸಿನೀರಿನಲ್ಲಿ ಪ್ರಾಣ ಬಿಡುವ ಜೀವಿಗೆ ಅದೇ ಒಪ್ಪುತ್ತದಲ್ಲ ಎಂದು ಕೇಳಬಹುದು. ಮನಸ್ಸನ್ನು ತಟ್ಟುವ ಊಹೆಯೇ, ಆದರೆ ವ್ಯಾಕರಣ ಅದನ್ನು ಒಪ್ಪುವುದಿಲ್ಲ. ಆ ಮೋರಿ ಕ್ರಿಯಾಪದ. ಹೆಸರಿನ ಎರಡನೆಯ, ಜಾತಿಸೂಚಕ ಪದ ವಿಶೇಷಣವಾಗಿರಬೇಕು ಇಲ್ಲವೇ ನಾಮಪದವಾಗಿರಬೇಕು. ಲಿನೇಯಸ್‌ನ ರೂಢಿಯೂ ಸೊಪ್ಪಿನ ಕಡೆಗೇ ಸಾಕ್ಷಿ ಹೇಳುತ್ತದೆ: ಅಕ್ಕಿಯ ಮೂತಿಹುಳಕ್ಕೆ ಅವನಿಟ್ಟದ್ದು ಒರೈಝೆ, ಅಂದರೆ ‘ಅಕ್ಕಿಯ’, ಕೋಸಿನ ಚಿಟ್ಟೆಗೆ ಬ್ರಾಸಿಕೆ, ‘ಕೋಸಿನ’. ಹರಳು ಗಿಡದ ಎಲೆ ತಿನ್ನುವ ಏರಿ ರೇಷ್ಮೆಹುಳವನ್ನು ಮುಂದೆ ಬೇರೆಯವರು ರಿಸಿನಿ ಎಂದು ಕರೆದದ್ದೂ ಇದೇ ಜಾಡಿನಲ್ಲಿ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ರೇಷ್ಮೆಯಿಂದ ಜಗತ್ತಿಗೆ ಪರಿಚಯವಾದ ಜೀವಿಗೆ ಎರಡನೆಯ ಪದವಾಗಿ ರೇಷ್ಮೆಯ ಹೆಸರಿಡದೆ ಮೇವಿನ ಹೆಸರಿಟ್ಟದ್ದು ನ್ಯಾಯವೇ? ನ್ಯಾಯವೆಂದೇ ನನ್ನ ವಾದ. ನೂಲು ತೆಗೆಯುವ ಹುಳಗಳು ಹಲವಿವೆ, ಹಿಪ್ಪುನೇರಳೆಗೆ ಇಷ್ಟು ಅಂಟಿಕೊಂಡದ್ದು ಇದು. ರುಚಿ ಗ್ರಹಿಸುವ ಒಂದೇ ಒಂದು ಜೀನ್ ಕೆಡಿಸಿದರೆ ಈ ಹುಳ ಬೇರೆ ಎಲೆ, ಹಣ್ಣುಗಳಿಗೂ ಬಾಯಿ ಹಾಕುತ್ತದೆಂದು 2019ರಲ್ಲಿ ಸಂಶೋಧಕರು ತೋರಿಸಿದರು. ಹಾಗಾದರೆ ಈ ನಂಟು ಅಷ್ಟು ದುರ್ಬಲವೇ ಎನ್ನಬಹುದು. ನನಗೆ ಕಾಣುವುದು ಇದಕ್ಕೆ ತದ್ವಿರುದ್ಧ: ಹಿಪ್ಪುನೇರಳೆಯೇ ಬೇಕೆಂಬ ಹಟ ಹುಳದ ನಾಲಿಗೆಯಲ್ಲೇ ಬರೆದಿದೆ. ಮೇವಿನ ಹೆಸರು ಸಲ್ಲುವುದಕ್ಕೆ ಇನ್ನೊಂದು ಕಾರಣವೂ ಇದೆ: ಗೂಡು ಸೀಳಿ ಬರುವ ಪತಂಗ ಏನನ್ನೂ ತಿನ್ನುವುದಿಲ್ಲ. ಆಯುಷ್ಯದ ಊಟವೆಲ್ಲ ಹುಳವಾಗಿದ್ದಾಗಲೇ ಮುಗಿಯಬೇಕು, ಅದರಲ್ಲೂ ಮುಕ್ಕಾಲು ಪಾಲಿಗಿಂತ ಹೆಚ್ಚು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಹಂತ, ಎದ್ದ ಮೇಲೆ. ಚಿಂತಾಮಣಿ, ಶಿಡ್ಲಘಟ್ಟದ ಕಡೆ ಸಾಕಾಣಿಕೆದಾರ ಚಾಕಿ, ಅಂದರೆ ಮರಿಹುಳ, ತರುವ ಮೊದಲು ತೋಟದ ಸೊಪ್ಪು ಎಷ್ಟು ಹುಳಕ್ಕೆ ಸಾಲುತ್ತದೆಂದು ಅಳೆಯುವುದು, ಸೊಪ್ಪು ಕಡಿಮೆಬಿದ್ದರೆ ಪಕ್ಕದ ತೋಟದ್ದನ್ನು ದುಡ್ಡು ಕೊಟ್ಟು ಕೊಯ್ಯುವುದು ಇದೇ ಕಾರಣಕ್ಕೆ.