ವೈರಿಗೆ ಉಣಿಸಿ ಹಿಡಿಯುವ ಜಾಣ್ಮೆ

ಡೊಂಬಿವಲಿಯ ಉಡುಪಿ ಹೋಟೆಲಿನ ಚಟ್ನಿಯಾಗಲಿ, ವಾಶಿಯ ಎಪಿಎಂಸಿ ಮಸಾಲೆ ಮಾರುಕಟ್ಟೆಯ ಮೆಣಸಿನಪುಡಿಯಾಗಲಿ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹೊಕ್ಕರೆ ಬಣ್ಣ, ವಾಸನೆ, ರುಚಿ ಕೆಡಲೇಬೇಕೆಂದಿಲ್ಲ. ಅದನ್ನು ಜೀನಿನಿಂದಲೇ ಗುರುತು ಹಿಡಿಯುವ ಪಿಸಿಆರ್ ಪರೀಕ್ಷೆಯ ನಾಜೂಕಿಗೆ ನಾನು ಮನಸೋತಿದ್ದೇನೆ.

25 ಗ್ರಾಂ ಮಾದರಿಯನ್ನು 225 ಮಿಲಿಲೀಟರ್ ಪೆಪ್ಟೋನ್ ನೀರಿನಲ್ಲಿ ಕದಡಿ, 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಡುತ್ತಾರೆ. ಹಿಡಿಯುವ ಮುನ್ನ ವೈರಿಗೆ ಹೊಟ್ಟೆತುಂಬ ಊಟ! ಸತ್ತದ್ದು ಹೆಚ್ಚದು, ಬದುಕಿದ್ದು ಲಕ್ಷಗಟ್ಟಲೆಯಾಗುತ್ತದೆ. ಬೆಳಗ್ಗೆ ಪಿಪೆಟ್ಟಿನ ತುದಿಯಲ್ಲಿ ಏಳುವುದು ಸಾಸಿವೆಯಷ್ಟು ಹನಿ. ಕೈ ನಡುಗುವಂತಿಲ್ಲ.

ಪಿಸಿಆರ್ ಯಂತ್ರದಲ್ಲಿ 95 ಡಿಗ್ರಿಗೆ ಆ ಹನಿಯ ಡಿಎನ್‌ಎ ಎಳೆಗಳು ಬಿಚ್ಚಿಕೊಳ್ಳುತ್ತವೆ. 60ರ ಸುಮಾರಿಗೆ ಪ್ರೈಮರ್ ಎಂಬ ಪುಟ್ಟ ಡಿಎನ್‌ಎ ಚೂರು ತನ್ನ ಜೀನನ್ನು ಹುಡುಕಿ ಅಂಟುತ್ತದೆ; ಅಲ್ಲಿಂದ ಒಂದು ಕಿಣ್ವ ನಕಲು ತೆಗೆಯುತ್ತದೆ. ಸುತ್ತಿಗೊಮ್ಮೆ ಇಮ್ಮಡಿ, ಎಲ್ಲವೂ ಸರಿಯಾಗಿ ನಡೆದರೆ ಒಂದು ತುಣುಕು 30 ಸುತ್ತಿಗೆ ನೂರು ಕೋಟಿ ದಾಟುತ್ತದೆ. ಈ ಏರಿಕೆಯನ್ನು ತೋರುವ, ಪರದೆಯ ಮೇಲೆ ಮಲಗಿದ್ದ ಗೆರೆ ತಟ್ಟನೆ ಮೇಲೇಳುತ್ತದೆ. 95 ಡಿಗ್ರಿಯ ಕಾವಿಗೂ ಬಗ್ಗದ ಆ ಕಿಣ್ವ ಮೊದಲು ಬಂದದ್ದು ಅಮೆರಿಕದ ಯೆಲ್ಲೊಸ್ಟೋನಿನ ಬಿಸಿನೀರ ಬುಗ್ಗೆಯ ಬ್ಯಾಕ್ಟೀರಿಯಾದಿಂದ.

ಗೆರೆ ಎದ್ದರೂ ಆತುರವಿಲ್ಲ. ಎಕ್ಸ್‌ಎಲ್‌ಡಿ ಎಂಬ ಪೋಷಕ ಮಾಧ್ಯಮದ ತಟ್ಟೆಯಲ್ಲಿ ಬೆಳೆಸಿ, ಕಪ್ಪು ನಡುವಿನ ಕೆಂಪು ಚುಕ್ಕಿಗಳನ್ನು ಕಂಡು, ಮುಂದಿನ ಪರೀಕ್ಷೆಗಳಿಂದ ಖಚಿತಪಡಿಸುತ್ತಾರೆ. ಗೆರೆ ಏಳದಿದ್ದರೆ ಮಾತ್ರ, ಹಳೆಯ ವಿಧಾನದಲ್ಲಿ ಮೂರು-ನಾಲ್ಕು ದಿನ ಕಾಯಬೇಕಿದ್ದ ‘ಇಲ್ಲ’ ಎಂಬ ಉತ್ತರ ಮರುದಿನವೇ ಸಿಗುತ್ತದೆ. ನ್ಹಾವಾ ಶೇವಾ ಬಂದರಿಗೆ ಹೊರಡಬೇಕಾದ ಮಸಾಲೆಗೆ ಅದು ಸಣ್ಣ ಲಾಭವಲ್ಲ.